ಊರೆಲ್ಲ ಸುತ್ತಿದ ಹೆಣ: 'ಜಾನೇ ಭಿ ದೋ ಯಾರೋ' ಮತ್ತೆ ನೋಡಿದಾಗ

(ಚಿತ್ರ ಪ್ರದರ್ಶನದ ನಂತರ ಆಡಿದ ಮಾತುಗಳು. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಿನಿಮಾದ ಹೆಸರು ಎತ್ತಿದರೆ ಸಾಕು, ಹತ್ತರಲ್ಲಿ ಒಂಬತ್ತು ಜನ ಮಹಾಭಾರತದ ದೃಶ್ಯ ನೆನೆಸಿಕೊಂಡು ನಗುತ್ತಾರೆ. ಈಗ ಇಲ್ಲೂ ಅದೇ ಆಯಿತು. ಕೆಲವರು ಡೈಲಾಗು ಬರುವುದಕ್ಕೆ ಮೊದಲೇ ಹೇಳಿ ಮುಗಿಸುತ್ತಿದ್ದರು. ನಾನೂ ಆ ದೃಶ್ಯಕ್ಕೆ ಬಂದೇ ಬರುತ್ತೇನೆ. ಅದಕ್ಕೆ ಮೊದಲು ಅಲ್ಲಿ ದ್ರೌಪದಿಯ ವೇಷದಲ್ಲಿ ಇರುವುದು ಯಾರು ಅಂತ ಸ್ವಲ್ಪ ನೋಡೋಣ. ಅದು ಬಾಂಬೆಯ ಮುನಿಸಿಪಲ್ ಕಮಿಷನರ್ ಡಿಮೆಲ್ಲೊ ಅವರ ಹೆಣ. ಕೊಲೆಯಾದ ಮನುಷ್ಯ. ಆ ಮನುಷ್ಯನಿಗೋಸ್ಕರ ಇಡೀ ಸಿನಿಮಾದಲ್ಲಿ ನಿಜವಾಗಿ ಒಬ್ಬರೂ ಅಳುವುದಿಲ್ಲ. ನಾವೂ ಅಳಲಿಲ್ಲ, ಬಿದ್ದು ಬಿದ್ದು ನಕ್ಕೆವು.

ಇದು ಹೇಗೆ ಸಾಧ್ಯವಾಯಿತು? ನನ್ನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಮೊದಲು ಒಂದಿಷ್ಟು ಹಿನ್ನೆಲೆ. ಈ ಹಿಂದಿ ಸಿನಿಮಾ ಬಂದದ್ದು 1983ರಲ್ಲಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತ ಕುಂದನ್ ಶಾ ಅವರ ಮೊದಲ ಚಿತ್ರ. ದುಡ್ಡು ಹಾಕಿದ್ದು ಸರ್ಕಾರದ ಎನ್ಎಫ್‌ಡಿಸಿ, ಅಂದರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ. ಸರ್ಕಾರಿ ದುಡ್ಡಲ್ಲಿ ಸರ್ಕಾರಿ ಕಂಟ್ರಾಕ್ಟುಗಳ ಮಾನ ಹರಾಜು ಹಾಕಿದ ಸಿನಿಮಾ ಇದು! ಖರ್ಚು ಏಳು ಲಕ್ಷ ರೂಪಾಯಿ ಕೂಡ ದಾಟಲಿಲ್ಲ ಎನ್ನುತ್ತಾರೆ. ಹೀರೋ ಕೈಯಲ್ಲಿರುವ ಕ್ಯಾಮೆರಾ ಕೂಡ ನಾಸಿರುದ್ದೀನ್ ಶಾ ಅವರ ಸ್ವಂತದ್ದೇ, ಶೂಟಿಂಗ್ ವೇಳೆ ಅದೂ ಕಳುವಾಯಿತಂತೆ.

ತಾರಾಗಣ ನೋಡಿದರೆ ಇವತ್ತು ಯಾವ ನಿರ್ಮಾಪಕನಿಗಾದರೂ ತಲೆ ತಿರುಗಬೇಕು. ನಾಸಿರುದ್ದೀನ್ ಶಾ, ಓಂ ಪುರಿ, ಪಂಕಜ್ ಕಪೂರ್, ಸತೀಶ್ ಶಾ, ರವಿ ಬಸ್ವಾನಿ, ಸತೀಶ್ ಕೌಶಿಕ್, ನೀನಾ ಗುಪ್ತಾ. ಮರಾಠಿ ರಂಗಭೂಮಿಯಲ್ಲಿ ಆಗಲೇ ಹೆಸರು ಮಾಡಿದ್ದ ಭಕ್ತಿ ಬರ್ವೆ. ಕ್ಯಾಮೆರಾ ಬಿನೋದ್ ಪ್ರಧಾನ್ ಅವರದು, ಎಡಿಟಿಂಗ್ ರೇಣು ಸಲೂಜಾ, ಸಂಗೀತ ವನರಾಜ್ ಭಾಟಿಯಾ. ಚಿತ್ರಕಥೆಯಲ್ಲಿ ಕುಂದನ್ ಜೊತೆ ಸುಧೀರ್ ಮಿಶ್ರಾ ಇದ್ದರು, ನಿರ್ಮಾಣದ ಓಡಾಟ ನೋಡಿಕೊಂಡದ್ದು ವಿಧು ವಿನೋದ್ ಚೋಪ್ರಾ. ಈ ಇಬ್ಬರ ಹೆಸರನ್ನೇ ಎತ್ತಿ ಹೀರೋಗಳಿಗೆ ಇಟ್ಟುಬಿಟ್ಟರು: ವಿನೋದ್ ಚೋಪ್ರಾ ಮತ್ತು ಸುಧೀರ್ ಮಿಶ್ರಾ. ಸಾಲದ್ದಕ್ಕೆ ವೇಷಕಟ್ಟಿಸಿ ಚೋಪ್ರಾ ಅವರನ್ನು ದುಶ್ಶಾಸನನಾಗಿಯೂ ನಿಲ್ಲಿಸಿದರು. ಕೈಯಲ್ಲಿ ಕಾಸಿಲ್ಲದ ಗೆಳೆಯರ ಗುಂಪು ಸೇರಿ ಮಾಡಿದ ಕಿತಾಪತಿ ಇದು. ಆ ಹುಮ್ಮಸ್ಸು ಇವತ್ತಿಗೂ ಪರದೆ ಮೇಲೆ ಕಾಣುತ್ತದೆ.

ಆ ಕಾಲದ ಬಾಂಬೆಯ ಬಗ್ಗೆ ಒಂದು ಮಾತು. ಆಗ ಸಿಮೆಂಟು ಬೇಕೆಂದರೆ ಅಂಗಡಿಗೆ ಹೋಗಿ ತರುವ ಹಾಗಿರಲಿಲ್ಲ. ಕೋಟಾ, ಪರ್ಮಿಟ್ಟು, ಸಹಿ, ಸೀಲು. ಬಿಲ್ಡರುಗಳಿಗೆ ಸಿಮೆಂಟ್ ಹಂಚಿದ ವಿಚಾರದ ಗದ್ದಲದಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಟ್ಟದ್ದು 1982ರ ಜನವರಿಯಲ್ಲಿ. ಮರುವರ್ಷ ಈ ಸಿನಿಮಾ ಬಂತು. ಬಿಲ್ಡರ್, ಕಮಿಷನರ್, ಫ್ಲೈಓವರ್ ಅಂದ ತಕ್ಷಣ ಅಂದಿನ ಪ್ರೇಕ್ಷಕನಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳಗ್ಗೆ ಪೇಪರಿನಲ್ಲಿ ಓದಿಕೊಂಡೇ ಥಿಯೇಟರಿಗೆ ಬಂದಿರುತ್ತಿದ್ದ.

ಕಥೆ ನೀವೀಗಷ್ಟೇ ನೋಡಿದ್ದೀರಿ, ಬೇಗ ಮುಗಿಸುತ್ತೇನೆ. ಇಬ್ಬರು ಫೋಟೋಗ್ರಾಫರುಗಳು ಬ್ಯೂಟಿ ಫೋಟೋ ಸ್ಟುಡಿಯೋ ತೆರೆಯುತ್ತಾರೆ. ಗಿರಾಕಿ ಇಲ್ಲ. 'ಖಬರ್‌ದಾರ್' ಪತ್ರಿಕೆಯ ಸಂಪಾದಕಿ ಶೋಭಾ ಸೇನ್ ಕೆಲಸ ಕೊಡುತ್ತಾಳೆ: ಬಿಲ್ಡರ್ ತರ್ನೇಜಾ ಮತ್ತು ಕಮಿಷನರ್ ಡಿಮೆಲ್ಲೊ ಸೇರುವ ಜಾಗದಲ್ಲಿ ಕದ್ದು ಫೋಟೋ ತೆಗೆಯಬೇಕು. ಅತ್ತ ಇನ್ನೊಬ್ಬ ಬಿಲ್ಡರ್ ಅಹುಜಾ ಕೂಡ ಅದೇ ಕಮಿಷನರಿಗೆ ಗಾಳ ಹಾಕುತ್ತಿದ್ದಾನೆ. ಈ ನಡುವೆ ಫೋಟೋ ಸ್ಪರ್ಧೆಯ ಆಸೆಗೆ ಊರೆಲ್ಲ ಸುತ್ತಿ ಕ್ಲಿಕ್ಕಿಸಿದ ಚಿತ್ರಗಳಲ್ಲಿ ಒಂದನ್ನು ದೊಡ್ಡದು ಮಾಡಿ ನೋಡಿದರೆ ಅದರಲ್ಲೊಂದು ಕೊಲೆ, ಕೊಲೆಗಾರ ತರ್ನೇಜಾ.

ಇಲ್ಲಿ ಕುಂದನ್ ಒಂದು ಚೇಷ್ಟೆ ಮಾಡಿದ್ದಾರೆ. ಆ ಫೋಟೋ ತೆಗೆದ ಪಾರ್ಕಿನ ಹೆಸರು ಅಂಟೋನಿಯೋನಿ ಪಾರ್ಕ್. ಇಟಲಿಯ ನಿರ್ದೇಶಕ ಮೈಕೆಲೇಂಜೆಲೊ ಅಂಟೋನಿಯೋನಿ 1966ರಲ್ಲಿ ಮಾಡಿದ 'ಬ್ಲೋ ಅಪ್' ಚಿತ್ರಕ್ಕೆ ಹಾಕಿದ ಸಲಾಮು ಅದು. ಅಲ್ಲೂ ಲಂಡನ್ನಿನ ಒಬ್ಬ ಫೋಟೋಗ್ರಾಫರ್ ಪಾರ್ಕಿನಲ್ಲಿ ಫೋಟೋ ತೆಗೆಯುತ್ತಾನೆ, ದೊಡ್ಡದು ಮಾಡಿ ನೋಡುತ್ತಾನೆ, ಪೊದೆಯಲ್ಲಿ ಪಿಸ್ತೂಲು ಕಾಣುತ್ತದೆ. ರಾತ್ರಿ ಹೋದರೆ ಹೆಣ ಇದೆ, ಬೆಳಗ್ಗೆ ಹೋದರೆ ಇಲ್ಲ. ಕೊನೆಗೆ ತಾನು ನೋಡಿದ್ದೇ ನಿಜವೋ ಸುಳ್ಳೋ ಎನ್ನುವ ಗೊಂದಲದಲ್ಲಿ ಅವನನ್ನು ಬಿಟ್ಟು ಸಿನಿಮಾ ಮುಗಿಯುತ್ತದೆ.

ಆ ಗೊಂದಲ ಬಾಂಬೆಯಲ್ಲಿ ಯಾರಿಗೂ ಇಲ್ಲ. ನೋಡಿ, ವ್ಯತ್ಯಾಸ ಇರುವುದು ಇಲ್ಲೇ. ಇಲ್ಲಿ ಕೊಲೆ ಆಗಿದೆ, ಯಾರು ಮಾಡಿದ್ದು ಅಂತ ಗೊತ್ತಿದೆ, ಫೋಟೋ ಇದೆ, ತೋಳಿನ ಗುಂಡಿ ಸಿಕ್ಕಿದೆ, ಹೋಗ್ತಾ ಹೋಗ್ತಾ ಹೆಣವೇ ಕೈಗೆ ಸಿಗುತ್ತದೆ. ಪತ್ತೇದಾರಿ ಕಥೆಯಲ್ಲಿ ಸಾಕ್ಷಿ ಸಿಕ್ಕಿದರೆ ಕಥೆ ಮುಗಿದ ಹಾಗೆ. ಇಲ್ಲಿ ಸಾಕ್ಷಿ ಸಿಕ್ಕ ಮೇಲೆ ಫಜೀತಿ ಶುರುವಾಗುತ್ತದೆ. ಇದ್ದ ಬಿದ್ದ ಸಾಕ್ಷಿಯನ್ನೆಲ್ಲ ಹೆಗಲ ಮೇಲೆ ಹೊತ್ತುಕೊಂಡು ಇಬ್ಬರು ಬಡಪಾಯಿಗಳು ಊರು ಸುತ್ತುತ್ತಾರೆ, ತಗೊಳ್ಳುವವರೇ ಇಲ್ಲ. ಬೇಕಾದವರು ಬಹಳ ಜನ ಇದ್ದಾರೆ, ನ್ಯಾಯಕ್ಕೆ ಬೇಕಾದವರು ಮಾತ್ರ ಇಲ್ಲ. ಈ ಸಿನಿಮಾದ ಕ್ರೂರ ತಮಾಷೆಯ ಬೇರು ಇದು ಅಂತ ನನಗೆ ಅನಿಸುತ್ತದೆ.

ಹೆಣ ಇಟ್ಟುಕೊಂಡು ನಗಿಸುವುದು ಹೊಸದೇನಲ್ಲ. ಹಿಚ್‌ಕಾಕ್ 1955ರಲ್ಲಿ 'ದಿ ಟ್ರಬಲ್ ವಿತ್ ಹ್ಯಾರಿ' ಮಾಡಿದರು. ಒಂದು ಹಳ್ಳಿ, ಒಂದು ಹೆಣ. ಅದನ್ನು ಹೂಳುತ್ತಾರೆ, ತೆಗೆಯುತ್ತಾರೆ, ಮತ್ತೆ ಹೂಳುತ್ತಾರೆ. ಅಲ್ಲೂ ಯಾರೂ ಅಳುವುದಿಲ್ಲ. ಆದರೆ ಹ್ಯಾರಿಯ ಹೆಣ ಆ ಹಳ್ಳಿಗೆ ಒಂದು ತಲೆನೋವು, ಅಷ್ಟೆ. ಡಿಮೆಲ್ಲೊ ಹೆಣಕ್ಕೆ ಮಾರ್ಕೆಟ್ಟಿನಲ್ಲಿ ರೇಟಿದೆ. ತರ್ನೇಜಾನಿಗೆ ಅದನ್ನು ಮಾಯ ಮಾಡಬೇಕು. ಅಹುಜಾನಿಗೆ ಅದನ್ನು ತೋರಿಸಿ ತರ್ನೇಜಾನನ್ನು ಬಗ್ಗಿಸಬೇಕು. ಶೋಭಾಳಿಗೆ ಅದರಿಂದ ದುಡ್ಡು ಮಾಡಬೇಕು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂತೀವಲ್ಲ, ಇಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಗಳ ಇದೆ.

ಈಗ ಶವಪೆಟ್ಟಿಗೆಯ ದೃಶ್ಯಕ್ಕೆ ಬರೋಣ. ಮಹಾಭಾರತಕ್ಕಿಂತ ನನಗೆ ಇದೇ ಜಾಸ್ತಿ ಇಷ್ಟ. ರಾತ್ರಿ, ನಿರ್ಜನ ರಸ್ತೆ. ವಿನೋದ್, ಸುಧೀರ್ ಕೈ ತಪ್ಪಿದ ಪೆಟ್ಟಿಗೆ ರಸ್ತೆ ಮೇಲೆ ನಿಂತಿದೆ, ಒಳಗೆ ಡಿಮೆಲ್ಲೊ. ಕಂಠಪೂರ್ತಿ ಕುಡಿದ ಅಹುಜಾ ಕಾರಿನಲ್ಲಿ ಬರುತ್ತಾನೆ. ಅವನ ಕಣ್ಣಿಗೆ ಅದು ಶವಪೆಟ್ಟಿಗೆ ಥರ ಕಾಣುವುದೇ ಇಲ್ಲ. ಕೆಟ್ಟು ನಿಂತ ಸ್ಪೋರ್ಟ್ಸ್ ಕಾರು, ಒಳಗೆ ಯಾರೋ ಒಬ್ಬ ದೊಡ್ಡ ಮನುಷ್ಯ. ಪಾಪ, ಸಹಾಯ ಮಾಡೋಣ ಅಂತ ಇಳಿಯುತ್ತಾನೆ.

ಓಂ ಪುರಿ ಇಲ್ಲಿ ಮಾಡಿರುವುದನ್ನು ಗಮನಿಸಿ. ನಗಿಸಬೇಕು ಎನ್ನುವ ಒಂದು ಸನ್ನೆಯೂ ಆ ಮುಖದಲ್ಲಿಲ್ಲ. ಕುಡಿದವನಿಗೆ ಬರುವ ಆ ವಿಪರೀತ ಉಪಕಾರ ಬುದ್ಧಿ ಇದೆಯಲ್ಲ, ಅದನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ಹೆಣ ಸುಮ್ಮನಿದೆ. ಆ ಮೌನಕ್ಕೆ ತಾವೇ ಒಂದು ಅರ್ಥ ಕಟ್ಟಿಕೊಂಡು ಮಾತು ಮುಂದುವರಿಸುತ್ತಾರೆ. ಹಗ್ಗ ಕಟ್ಟಿ, ಪೆಟ್ಟಿಗೆಯನ್ನು ತಮ್ಮ ಕಾರಿನ ಹಿಂದೆ ಎಳೆದುಕೊಂಡು ಹೊರಡುತ್ತಾರೆ.

ಈ ದೃಶ್ಯದಲ್ಲಿ ಕಥೆಗೆ ಬೇಕಾದ್ದು ಒಂದೇ: ಹೆಣ ಅಹುಜಾನ ವಶಕ್ಕೆ ಹೋಗಬೇಕು. ಅರ್ಧ ನಿಮಿಷದಲ್ಲಿ ಮುಗಿಸಬಹುದಿತ್ತು. ಕುಂದನ್ ಅಲ್ಲೇ ಕೂತುಬಿಟ್ಟಿದ್ದಾರೆ. ಯಾಕೆ? ಅಹುಜಾ ಈ ಕಮಿಷನರ್ ಹಿಂದೆ ಎಷ್ಟು ಸುತ್ತಿದ್ದ! ಈಗ ಅದೇ ಕಮಿಷನರ್ ಎದುರಿಗೇ ಇದ್ದಾನೆ, ಗುರುತು ಸಿಗುವುದಿಲ್ಲ. ಗುರುತು ಸಿಗದೇ ಇರುವಾಗಲೇ ಅವನು ಒಂದು ಒಳ್ಳೆಯ ಕೆಲಸ ಮಾಡುತ್ತಾನೆ. ಇಡೀ ಸಿನಿಮಾದಲ್ಲಿ ಒಬ್ಬ ಬಿಲ್ಡರ್ ಇನ್ನೊಬ್ಬರಿಗೆ ಲಾಭ ನೋಡದೆ ಸಹಾಯ ಮಾಡುವುದು ಇದೊಂದೇ ಸಲ. ಅದಕ್ಕೆ ಅವನು ಮೈಮೇಲೆ ಪ್ರಜ್ಞೆ ಇಲ್ಲದಷ್ಟು ಕುಡಿದಿರಬೇಕು, ಸಹಾಯ ತಗೊಳ್ಳುವವನು ಸತ್ತಿರಬೇಕು.

ಇನ್ನು ಸತೀಶ್ ಶಾ. ಹೆಣದ ಪಾತ್ರ ಅಂದರೆ ಸುಮ್ನೆ ಮಲಗಿರೋದು ಅಲ್ವಾ ಅಂತ ಅನಿಸಬಹುದು. ಮಾಡಿ ನೋಡಿದವರಿಗೆ ಗೊತ್ತು. ಇವರು ಮಲಗಿದ್ದು ಕಡಿಮೆ. ನಿಲ್ಲಿಸಿದ್ದಾರೆ, ಎಳೆದಾಡಿದ್ದಾರೆ, ಬುರ್ಖಾ ಹಾಕಿದ್ದಾರೆ, ಸೀರೆ ಉಡಿಸಿದ್ದಾರೆ. ಸುತ್ತ ಎಲ್ಲರೂ ಕಿರುಚಾಡುತ್ತಿರುವಾಗ ಇವರೊಬ್ಬರು ಏನೂ ಮಾಡಬಾರದು. ಸುತ್ತಲಿನ ಗಲಾಟೆ ಏರಿದಷ್ಟೂ ಆ 'ಏನೂ ಮಾಡದಿರುವುದು' ತಮಾಷೆಯಾಗುತ್ತಾ ಹೋಗುತ್ತದೆ. ಬದುಕಿದ್ದಾಗ ಡಿಮೆಲ್ಲೊಗೆ ಸಿಕ್ಕ ದೃಶ್ಯಗಳು ಕೆಲವೇ. ಆದರೂ ಅಷ್ಟರಲ್ಲೇ ಅಮೆರಿಕದಿಂದ ಬಂದ ಗತ್ತು, ಅಲ್ಲಿ ಕುಡಿಯುವ ನೀರೇ ಬೇರೆ, ಗಟರಿನ ನೀರೇ ಬೇರೆ ಅಂತ ಅಚ್ಚರಿಯಿಂದ ಹೇಳುವ ಧಾಟಿ, ಕೇಕು ತಿನ್ನುವ ರೀತಿ, ಎಲ್ಲ ನೆನಪಲ್ಲಿ ಉಳಿಯುತ್ತದೆ. 'ಸ್ವಲ್ಪ ತಿನ್ನು, ಸ್ವಲ್ಪ ಎಸೆ' ಎನ್ನುವ ಅವನ ಮಾತನ್ನು ಈಗಲೂ ಜನ ಹಿಂದಿಯಲ್ಲೇ ಹೇಳಿಕೊಂಡು ನಗುತ್ತಾರೆ.

ಗಟರ್ ಅಂದೆನಲ್ಲ, ಆ ಭಾಷಣ ಬಿಡಬಾರದು. ಡಿಮೆಲ್ಲೊ ಸತ್ತ ಮೇಲೆ ಫ್ಲೈಓವರ್ ಉದ್ಘಾಟನೆ. ವೇದಿಕೆ ಮೇಲಿನ ಭಾಷಣದಲ್ಲಿ ಒಂದು ಹೊಗಳಿಕೆ ಬರುತ್ತದೆ: ಆ ಮಹಾನುಭಾವರು ಗಟರಿಗಾಗಿ ಬದುಕಿದರು, ಗಟರಿಗಾಗಿಯೇ ಸತ್ತರು. ಶ್ರದ್ಧಾಂಜಲಿಯ ದನಿ, ಶ್ರದ್ಧಾಂಜಲಿಯ ನಡುವೆ ಬರುವ ಆ ಗಂಭೀರ ವಿರಾಮಗಳು ಎಲ್ಲ ಸರಿಯಾಗಿವೆ. 'ದೇಶ' ಎಂಬ ಪದ ಬರಬೇಕಾದ ಜಾಗದಲ್ಲಿ 'ಗಟರ್' ಬಂದಿದೆ, ಅಷ್ಟೇ ವ್ಯತ್ಯಾಸ. ಸಂಭಾಷಣೆ ಬರೆದದ್ದು ರಂಜಿತ್ ಕಪೂರ್ ಮತ್ತು ಸತೀಶ್ ಕೌಶಿಕ್. ಇಬ್ಬರೂ ನಾಟಕದವರು. ಭಾಷಣದ ಹಳೇ ಅಚ್ಚನ್ನು ಹಾಗೇ ಉಳಿಸಿಕೊಂಡು ಒಳಗಿನ ಹೂರಣ ಬದಲಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು.

ಸರಿ, ಮಹಾಭಾರತ.

ಹೆಣ ಎತ್ತಿಕೊಂಡು ಓಡುತ್ತಾ ಇಬ್ಬರೂ ಒಂದು ನಾಟಕದ ಥಿಯೇಟರಿಗೆ ನುಗ್ಗುತ್ತಾರೆ. ಒಳಗೆ ದ್ರೌಪದಿ ವಸ್ತ್ರಾಪಹರಣ ನಡೆಯುತ್ತಿದೆ. ಹೆಣ ದ್ರೌಪದಿ ಆಗುತ್ತದೆ. ಬೆನ್ನಟ್ಟಿ ಬಂದವರೆಲ್ಲ ಸಿಕ್ಕಿದ ಕಿರೀಟ, ಗದೆ ಹಾಕಿಕೊಂಡು ರಂಗಕ್ಕೆ ಏರುತ್ತಾರೆ. ಅಹುಜಾ ಕಪ್ಪು ಕನ್ನಡಕ ತೆಗೆಯದೆ ಭೀಮ ಆಗಿಬಿಟ್ಟಿದ್ದಾನೆ. ದ್ರೌಪದಿ ನಿನ್ನೊಬ್ಬನ ಆಸ್ತಿ ಅಲ್ಲ, ನಾವೆಲ್ಲ ಶೇರ್‌ಹೋಲ್ಡರುಗಳು ಎನ್ನುವ ಮಾತು ಬರುತ್ತದೆ. ವಿನೋದ್ ದುರ್ಯೋಧನನಾಗಿ, ಇಂಥ ಸತಿಯನ್ನು ನೋಡಿದ ಮೇಲೆ ಸೀರೆ ಎಳೆಯುವ ಐಡಿಯಾ ಡ್ರಾಪ್ ಮಾಡಿದ್ದೇನೆ ಅಂತ ಘೋಷಿಸುತ್ತಾನೆ. ಎಲ್ಲಿಂದಲೋ ಮೊಘಲರ ಸಲೀಮನೂ ಬರುತ್ತಾನೆ. ನಡುನಡುವೆ ಧೃತರಾಷ್ಟ್ರನದು ಒಂದೇ ಪಲ್ಲವಿ: 'ಯೇ ಕ್ಯಾ ಹೋ ರಹಾ ಹೈ?'

ನಾವು ಈ ಕಥೆ ಕೇಳಿಕೊಂಡೇ ಬೆಳೆದವರು. ಸಭೆಯಲ್ಲಿ ದೊಡ್ಡವರೆಲ್ಲ ತಲೆ ತಗ್ಗಿಸಿ ಕೂತಿದ್ದರು ಎನ್ನುವುದೇ ಆ ಪ್ರಸಂಗದ ನೋವು. ಕಣ್ಣಿತ್ತು, ಬಾಯಿ ಇತ್ತು, ವಿದುರ, ವಿಕರ್ಣರಂಥ ಒಬ್ಬಿಬ್ಬರನ್ನು ಬಿಟ್ಟರೆ ಯಾರೂ ಮಾತಾಡಲಿಲ್ಲ. ಕುಂದನ್ ಸುಮ್ನೆ ಗಲಾಟೆಗೆ ಅಂತ ಈ ಪ್ರಸಂಗ ಆರಿಸಿಕೊಂಡಿಲ್ಲ. ರಂಗದ ಮೇಲೆ ಎಲ್ಲರ ಕೈ ಇರುವುದು ಒಂದು ಕೊಲೆಯ ಸಾಕ್ಷಿಯ ಮೇಲೆ. ಎಲ್ಲರಿಗೂ ಅದು ಏನು ಅಂತ ಗೊತ್ತು. ಏನು ನಡೀತಾ ಇದೆ ಎಂದು ಬಾಯಿ ಬಿಟ್ಟು ಕೇಳುವವನು ಒಬ್ಬನೇ, ಅವನೂ ಕುರುಡ. ಮೂಲ ಕಥೆಯಲ್ಲಿ ಸುಮ್ಮನೆ ಕೂತಿದ್ದ ರಾಜನನ್ನು ಇಲ್ಲಿ ಕೇಳಿ ಕೇಳಿ ಸುಸ್ತಾಗುವ ಹಾಗೆ ಮಾಡಿದ್ದಾರೆ.

ಆಮೇಲೆ ಆ ನಾಟಕದ ಪ್ರೇಕ್ಷಕರು. ಟಿಕೆಟ್ ಕೊಟ್ಟು ಬಂದವರು, ಎದುರಿಗೆ ಹೆಣ ಇದೆ, ಖುಷಿಯಾಗಿ ನೋಡುತ್ತಿದ್ದಾರೆ. ನಗರದ ಅತಿ ದೊಡ್ಡ ಅಪರಾಧದ ಅತಿ ದೊಡ್ಡ ಸಾಕ್ಷಿಯನ್ನು ದೀಪದ ಬೆಳಕಿನಲ್ಲಿ, ಎತ್ತರದ ಜಾಗದಲ್ಲಿ, ನೂರಾರು ಜನರ ಮುಂದೆ ತಂದು ನಿಲ್ಲಿಸಲಾಗಿದೆ. ಇದಕ್ಕಿಂತ ಬಹಿರಂಗವಾಗಿ ಇನ್ನು ಹೇಗೆ ತೋರಿಸುವುದು? ಅವರಿಗೆ ಅದು ಮನರಂಜನೆ. ಅವರ ಹಿಂದಿನ ಸಾಲಿನಲ್ಲಿ ಕೂತ ಹಾಗೆ ನಾವೂ ಇದ್ದೇವೆ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲಾರೆ. ನಡುವೆ ಸಿನಿಮಾ ಎಳೆಯುತ್ತದೆ. ಓಡಾಟ, ಅಡಗಾಟ ಕೆಲವು ಕಡೆ ಬೇಕಾದ್ದಕ್ಕಿಂತ ಜಾಸ್ತಿ ಆಯಿತು. ಬುರ್ಖಾ ಹಾಕಿದ ಹೆಂಗಸರ ಗುಂಪಿನಲ್ಲಿ ಹೆಣ ಸೇರಿಸುವ ಭಾಗ ನೋಡುವಾಗ ಇವತ್ತು ನನಗೆ ಅಷ್ಟು ನಗು ಬರಲಿಲ್ಲ. ಅಲ್ಲಿ ತಮಾಷೆಗೆ ಗುರಿಯಾಗುವವರು ಬಲಾಢ್ಯರಲ್ಲ, ದಾರಿಹೋಕರು. ಉಳಿದ ಕಡೆ ಇವರ ಬಾಣ ಮೇಲಕ್ಕೇ ಹೋಗುತ್ತದೆ, ಇಲ್ಲಿ ಪಕ್ಕಕ್ಕೆ ಹೋಯಿತು. ಶೇರ್‌ಹೋಲ್ಡರ್ ಮಾತಿನ ಬಗ್ಗೆ ನಿಮ್ಮಲ್ಲೇ ಭಿನ್ನಾಭಿಪ್ರಾಯ ಇರಬಹುದು. ಆ ಮಾತು ಆಡುವವನ ನೀಚತನವನ್ನೇ ಅದು ತೋರಿಸುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಸೀರೆಯೊಳಗೆ ಇರುವುದು ಲಂಚ ತಿಂದ ಗಂಡಸು ಎನ್ನುವುದನ್ನೂ ಮರೆಯಬಾರದು.

ಬಿಡುಗಡೆಯಾದಾಗ ಇದು ದೊಡ್ಡ ಗದ್ದಲ ಮಾಡಿದ ಸಿನಿಮಾ ಅಲ್ಲ. ಕುಂದನ್ ಶಾ ಅವರಿಗೆ ಚೊಚ್ಚಲ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ರವಿ ಬಸ್ವಾನಿ ಅವರಿಗೆ ಹಾಸ್ಯ ನಟನೆಗೆ ಫಿಲ್ಮ್‌ಫೇರ್ ಬಂತು. ಮನೆಮಾತಾದದ್ದು ಮಾತ್ರ ಮುಂದೆ ಟೀವಿಯಲ್ಲಿ ಬರತೊಡಗಿದ ಮೇಲೆ. 2012ರಲ್ಲಿ ಪ್ರಿಂಟ್ ಸರಿಪಡಿಸಿ ಮತ್ತೆ ಥಿಯೇಟರಿಗೆ ತಂದರು. ಕುಂದನ್ ಆಮೇಲೆ ದೂರದರ್ಶನಕ್ಕೆ 'ವಾಗ್ಲೆ ಕೀ ದುನಿಯಾ' ಮಾಡಿದರು, ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಪಾತ್ರಗಳನ್ನು ಇಟ್ಟುಕೊಂಡು. ಅದೂ ಒಬ್ಬ ಸಾಮಾನ್ಯ ಮನುಷ್ಯನ ಕಥೆಯೇ, ಆದರೆ ಅಲ್ಲಿ ಕುತ್ತಿಗೆಗೆ ಬರುವಂಥದ್ದು ಏನೂ ಇಲ್ಲ. 2017ರಲ್ಲಿ ಅವರು ತೀರಿಕೊಂಡರು. ಇಷ್ಟು ಕಹಿಯಾಗಿ ಅವರು ಮತ್ತೆ ನಗಲಿಲ್ಲ ಅನ್ನುವುದು ನನ್ನ ಲೆಕ್ಕ.

ಕೊನೆಯ ಭಾಗ ನಿಮ್ಮ ಕಣ್ಣಮುಂದೆಯೇ ಇದೆ. ಬಿಲ್ಡರುಗಳು, ಹೊಸ ಕಮಿಷನರ್, ಸಂಪಾದಕಿ ಎಲ್ಲರೂ ರಾಜಿಯಾಗುತ್ತಾರೆ. ಫ್ಲೈಓವರ್ ಕುಸಿದದ್ದರ ತಪ್ಪು ಈ ಇಬ್ಬರ ತಲೆಗೆ ಬರುತ್ತದೆ. ಕೈದಿಗಳ ಬಟ್ಟೆಯಲ್ಲಿ ಬಾಂಬೆಯ ಬೀದಿಯಲ್ಲಿ ನಡೆಯುತ್ತಾರೆ, ಹಿನ್ನೆಲೆಯಲ್ಲಿ 'ಹಮ್ ಹೋಂಗೇ ಕಾಮಿಯಾಬ್'. ಅಮೆರಿಕದ ಕರಿಯರ ಹಕ್ಕಿನ ಹೋರಾಟದಿಂದ ಬಂದು, ಹಿಂದಿಯಲ್ಲಿ ಶಾಲಾ ಮಕ್ಕಳ ಬಾಯಿಗೆ ಬಂದ ಹಾಡು. ಕ್ಯಾಮೆರಾ ಕಡೆ ತಿರುಗಿ ಇಬ್ಬರೂ ಕತ್ತು ಕುಯ್ಯುವ ಸನ್ನೆ ಮಾಡುತ್ತಾರೆ. ಅಲ್ಲಿಯವರೆಗೆ ಡಿಮೆಲ್ಲೊ ಹೆಣಕ್ಕೆ ಏನಾಗಿತ್ತೋ ಈಗ ಇವರಿಗೂ ಅದೇ ಆಗಿದೆ: ಎದುರಿಗೇ ಇದ್ದಾರೆ, ಜನ ಪಕ್ಕದಲ್ಲೇ ಓಡಾಡುತ್ತಿದ್ದಾರೆ, ಯಾರಿಗೂ ಬೇಕಾಗಿಲ್ಲ. ಎರಡು ಗಂಟೆ ನಾವು ಯಾವ ಉಪಾಯಕ್ಕೆ ನಕ್ಕೆವೋ ಅದನ್ನೇ ನಮಗೆ ಇಷ್ಟವಾದವರ ಮೇಲೆ ಪ್ರಯೋಗಿಸಿದ್ದಾರೆ. ಈ ಸಲ ನಗು ಬರುವುದಿಲ್ಲ.

ಮಾತು ಮುಗಿಸುವಾಗ ಒಬ್ಬರು ಒಂದು ಪ್ರಶ್ನೆ ಕೇಳಿದರು, ಅದನ್ನೂ ಸೇರಿಸುತ್ತೇನೆ. 'ಈ ಇಬ್ಬರು ಅಷ್ಟು ಪೆದ್ದರಾ? ಫೋಟೋ ಸಿಕ್ಕ ತಕ್ಷಣ ಬೇರೆ ಯಾರ ಹತ್ತಿರವಾದರೂ ಹೋಗಬಹುದಿತ್ತಲ್ಲ?'

ಪೆದ್ದರಲ್ಲ. ಅವರು ಹೋದದ್ದು ಪತ್ರಿಕೆಯವರ ಹತ್ತಿರ. ಅಧಿಕಾರಿ ಕೆಟ್ಟವನಾದರೆ ಯಾರಾದರೂ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿದ್ದಾರೆ. ಶೋಭಾ ಸೇನ್ ಮೇಲೆ ಅವರಿಗೆ ನಂಬಿಕೆ ಇದೆ, ಸ್ವಲ್ಪ ಮೋಹವೂ ಇದೆ. ಬಿಲ್ಡರುಗಳು ಮೋಸ ಮಾಡಿದರೆ ನಮಗೆ ಆಶ್ಚರ್ಯವಿಲ್ಲ, ಅವರು ಇರುವುದೇ ಹಾಗೆ. ಶೋಭಾ ಫೋಟೋಗಳನ್ನು ಅಚ್ಚು ಹಾಕಿಸದೆ ಚೌಕಾಸಿಗೆ ಇಳಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಭಕ್ತಿ ಬರ್ವೆ ಆ ಪಾತ್ರವನ್ನು ಖಳನಾಯಕಿಯ ಥರ ಮಾಡಿಲ್ಲ. ಹುಬ್ಬು ಹಾರಿಸುವುದಿಲ್ಲ, ದನಿ ಏರಿಸುವುದಿಲ್ಲ. ಭ್ರಷ್ಟಾಚಾರ ಬಯಲಿಗೆಳೆಯಬೇಕು ಅಂತ ಹೇಳುವಾಗ ಇದ್ದ ಚುರುಕೇ ರೇಟು ಮಾತಾಡುವಾಗಲೂ ಇರುತ್ತದೆ. ಉಳಿದವರನ್ನೆಲ್ಲ ನೋಡಿ ನಕ್ಕಾಯಿತು, ಇನ್ನೊಮ್ಮೆ ನೋಡುವಾಗ ಆಕೆಯ ಮೇಲೆ ಒಂದು ಕಣ್ಣಿಡಿ. ಆ ಫೋಟೋಗಳ ಬೆಲೆ ಎಷ್ಟು ಅಂತ ಆಕೆಗೆ ಯಾವಾಗ ಹೊಳೆಯಿತು ಎನ್ನುವುದರ ಬಗ್ಗೆ ನನಗೂ ನನ್ನ ಗೆಳೆಯರಿಗೂ ಇನ್ನೂ ಜಗಳ ನಡೆಯುತ್ತಲೇ ಇದೆ. ಮೊದಲ ದಿನವೇ ಅಂತ ನಾನು.